ತಪ್ಪು ಉತ್ತರ ಕೊಟ್ಟು ನೋಡಿ ಆರಿಸಿದ ಮಾದರಿಗಳು

ಶಾಲಾ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುವ ಆನ್‌ಲೈನ್ ತಾಣ ಕಟ್ಟೋಣ ಅಂತ ನಮ್ಮ ಪುಟ್ಟ ತಂಡ ಹೊರಟಾಗ, ಈಗಾಗಲೇ ಇರುವ ತಾಣಗಳಲ್ಲಿ ಒಳ್ಳೆಯ ಮಾದರಿಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಸಿಕ್ಕ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. ಎಷ್ಟು ವಿಡಿಯೋ ಇದೆ, ಯಾವ ತರಗತಿವರೆಗೆ ಇದೆ, ಬ್ಯಾಡ್ಜ್ ಕೊಡ್ತಾರಾ, ಅಷ್ಟೇ. ಇದರಿಂದ ಮಗು ಕಲಿಯುತ್ತದೋ ಇಲ್ಲವೋ ಗೊತ್ತಾಗಲ್ಲ. ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡು ಹೊರಟೆ: ಮಗು ತಪ್ಪು ಮಾಡಿದ ಮೇಲೆ ಏನಾಗುತ್ತದೆ?

ಹೋದ ಕಡೆಯೆಲ್ಲ ಬೇಕಂತಲೇ ತಪ್ಪು ಉತ್ತರ ಕೊಟ್ಟೆ. ಬಾಯಿಗೆ ಬಂದ ತಪ್ಪಲ್ಲ, ಮಕ್ಕಳು ನಿಜವಾಗಿ ಮಾಡುವ ತಪ್ಪು. 1/3ಕ್ಕೆ 1/4 ಕೂಡಿಸು ಅಂದರೆ ಎಷ್ಟೋ ಮಕ್ಕಳು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ 2/7 ಅಂತ ಬರೆಯುತ್ತಾರೆ. ಹೆಚ್ಚಿನ ಕಡೆ ಬಂದದ್ದು ಕೆಂಪು ಗುರುತು, ಜೊತೆಗೆ ‘ಮತ್ತೆ ಪ್ರಯತ್ನಿಸಿ’. ಕೆಲವು ಕಡೆ ಸೀದಾ 7/12 ಅಂತ ಸರಿ ಉತ್ತರ. ಎರಡರಿಂದಲೂ ಮಗುವಿಗೆ ಏನೂ ಸಿಗಲ್ಲ. ನೋಡಿ, 2/7 ಅನ್ನೋದು 1/3ಕ್ಕಿಂತ ಚಿಕ್ಕದು. ಕೂಡಿಸಿದ ಮೇಲೆ ಇದ್ದದ್ದೂ ಕಡಿಮೆಯಾಯ್ತು! ಒಂದೇ ಅಳತೆಯ ಎರಡು ಪಟ್ಟಿಗಳಲ್ಲಿ ಇವೆರಡನ್ನೂ ಬಣ್ಣ ತುಂಬಿ ಒಂದರ ಕೆಳಗೆ ಒಂದು ತೋರಿಸಿದರೆ ಸಾಕು, ಎಡವಟ್ಟು ಎಲ್ಲಿದೆ ಅಂತ ಮಗುವೇ ಹುಡುಕಲು ಶುರು ಮಾಡುತ್ತದೆ.

ಈ ಪರೀಕ್ಷೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಫೆಟ್ (PhET), ಅಂದರೆ ವಿಜ್ಞಾನ, ಗಣಿತದ ಪ್ರಯೋಗಗಳನ್ನು ಕಂಪ್ಯೂಟರ್ ತೆರೆಯ ಮೇಲೆ ಆಟದಂತೆ ಮಾಡಿ ನೋಡುವ ತಾಣ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರು ಮಾಡಿದರು. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವ ಆಟವಿದೆ. ಬ್ಯಾಟರಿಯ ಎರಡು ತುದಿಗೂ ನಡುವೆ ಬಲ್ಬ್ ಇಲ್ಲದೆ ತಂತಿ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ‘ತಪ್ಪು’ ಅಂತ ಯಾರೂ ಹೇಳಲ್ಲ. ಮಗು ಗಾಬರಿಯಾಗಿ ತಂತಿ ಬಿಡಿಸುತ್ತದೆ, ಆಮೇಲೆ ಇನ್ನೊಮ್ಮೆ ಬೇಕಂತಲೇ ಜೋಡಿಸಿ ನೋಡುತ್ತದೆ. ಆ ಎರಡನೇ ಸಲ ಇದೆಯಲ್ಲ, ಕಲಿಕೆ ಅಂದರೆ ಅದೇ ಅಂತ ನನ್ನ ನಂಬಿಕೆ.

ಉಚಿತವಾಗಿ ವಿಡಿಯೋ ಪಾಠ, ಅಭ್ಯಾಸದ ಲೆಕ್ಕ ಕೊಡುವ ಖಾನ್ ಅಕಾಡೆಮಿ ತಾಣದಿಂದ ತೆಗೆದುಕೊಂಡದ್ದು ಬೇರೆ. ಒಂದು ವಿಷಯ ಪಕ್ಕಾ ಆದ ಮೇಲೆ ಮುಂದಿನದು ಅನ್ನೋದು ಅಲ್ಲಿಯ ಬುನಾದಿ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1968ರಲ್ಲೇ ಮಂಡಿಸಿದ ವಿಚಾರ ಇದು. ಸುಳಿವುಗಳೂ ಅಲ್ಲಿ ಹಂತಹಂತವಾಗಿ ತೆರೆದುಕೊಳ್ಳುತ್ತವೆ. ಆದರೆ ಇಂಥ ಸುಳಿವು ಎಲ್ಲಿದ್ದರೂ ಒಂದು ತೊಡಕು. ಪಕ್ಕದಲ್ಲಿ ಮಾತಾಡದೆ, ಮೌಸ್ ಮುಟ್ಟದೆ ಕೂತು ನೋಡಿದರೆ ಗೊತ್ತಾಗುತ್ತದೆ: ಕೆಲವು ಮಕ್ಕಳು ಓದುವುದೇ ಇಲ್ಲ. ಟಕಟಕ ಒತ್ತಿ ಕೊನೆಯ ಸುಳಿವಿಗೆ ಹೋಗಿ, ಅಲ್ಲಿರುವ ಉತ್ತರ ಬರೆದುಬಿಡುತ್ತಾರೆ. ಹಾಗಾಗಿ ನಮ್ಮ ಸುಳಿವಿನ ಕೊನೆಯಲ್ಲಿ ಉತ್ತರ ಇಡಲಿಲ್ಲ. ಬದಲಿಗೆ ಇನ್ನೊಂದು ಸುಲಭ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿದೆವು.

ಸ್ಕ್ರ್ಯಾಚ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಕ್ಕಳು ಬಣ್ಣದ ತುಂಡುಗಳನ್ನು ಜೋಡಿಸಿ ತಾವೇ ಆಟ, ಕಥೆಗಳ ಪ್ರೋಗ್ರಾಂ ಮಾಡುವ ತಾಣ ಅದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದದ್ದು, ಬಹಳ ಜನರಿಗೆ ಗೊತ್ತು. ಅದರಲ್ಲಿ ಒಂದು ಮಗು ಮಾಡಿದ್ದನ್ನು ಇನ್ನೊಂದು ಮಗು ಬಿಚ್ಚಿ ನೋಡಿ, ಬದಲಾಯಿಸಿ ತನ್ನದಾಗಿಸಿಕೊಳ್ಳಬಹುದು. ಖಾತೆಗೆ ನಿಜವಾದ ಹೆಸರು ಹಾಕಬೇಡಿ ಅಂತಲೂ ಹೇಳುತ್ತದೆ. ಮಕ್ಕಳ ತಾಣದಲ್ಲಿ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಪರೀಕ್ಷೆ ಯಾರಾದರೂ ಮಾಡಬಹುದು. ಪಾಠದ ನಡುವೆ ಇಂಟರ್ನೆಟ್ ಆಫ್ ಮಾಡಿ. ಮಗು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯಬಹುದಾ, ಅಥವಾ ಮೊದಲಿಂದ ಶುರುವಾ? ಇಲ್ಲಿ ಕೋಲಿಬ್ರಿ ಅನ್ನೋ ಉಚಿತ ಕಲಿಕಾ ತಂತ್ರಾಂಶವನ್ನು ನೋಡಲೇಬೇಕು. ಒಂದು ಕಂಪ್ಯೂಟರ್‌ನಲ್ಲಿ ಪಾಠಗಳನ್ನು ತುಂಬಿಟ್ಟರೆ, ಕೋಣೆಯಲ್ಲಿರುವ ಉಳಿದ ಸಾಧನಗಳು ಇಂಟರ್ನೆಟ್ ಇಲ್ಲದೆಯೇ ಅದಕ್ಕೆ ಸೇರಿಕೊಂಡು ಕಲಿಯಬಹುದು. ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರ್ ಆದರೂ ನಡೆಯುತ್ತದೆ.

ಈಗ ಪ್ರಶ್ನೆ ಬರೆಯುವ ಮೊದಲೇ ಶಿಕ್ಷಕರನ್ನು ಕೇಳುತ್ತೇವೆ: ಈ ಲೆಕ್ಕದಲ್ಲಿ ಮಕ್ಕಳು ಸಾಮಾನ್ಯವಾಗಿ ಯಾವ ತಪ್ಪು ಉತ್ತರ ಬರೆಯುತ್ತಾರೆ? ಅವರು ಹೇಳಿದ ಒಂದೊಂದು ತಪ್ಪಿಗೂ ಬೇರೆ ಬೇರೆ ಚಿತ್ರ ತಯಾರಾದ ಮೇಲೆಯೇ ಆ ಪ್ರಶ್ನೆ ತಾಣಕ್ಕೆ ಹೋಗುತ್ತದೆ. ಇದರಿಂದ ಕೆಲಸ ನಿಧಾನವಾಗಿದೆ, ಪ್ರಶ್ನೆಗಳೂ ಕಡಿಮೆ. ಆದರೂ ಈ ದಾರಿ ಬಿಡುವ ಮನಸ್ಸಿಲ್ಲ.