ಆಟೊಮ್ಯಾಟಿಕ್ ಕಾರಿನ ಓವರ್‌ಡ್ರೈವ್ ಗುಂಡಿಯನ್ನು ಬಳಸುವ ಬಗೆ

ಆಟೊಮ್ಯಾಟಿಕ್ ಕಾರನ್ನು ಹೊಸದಾಗಿ ಓಡಿಸುವವರು ಗೇರ್ ಲಿವರಿನ ಪಕ್ಕದಲ್ಲಿರುವ ಪುಟ್ಟ ಗುಂಡಿಯನ್ನು ಕಂಡು, ಅದನ್ನು ಒತ್ತಿದರೆ ಕಾರಿಗೆ ಹೆಚ್ಚಿನ ಬಲ ಬರುತ್ತದೆಂದು ಭಾವಿಸುವುದುಂಟು. ಆ ಗುಂಡಿ ಮಾಡುವುದು ಒಂದೇ ಕೆಲಸ: ಗೇರ್‌ಬಾಕ್ಸ್ ತನ್ನ ಕೊನೆಯ ಗೇರಿಗೆ ಹೋಗದಂತೆ ತಡೆಯುವುದು. ಮಾರುತಿ ಸಿಯಾಜ್, 2018ರ ಎರ್ಟಿಗಾ ಮೊದಲಾದ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳಲ್ಲಿಯೂ, ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವ ಹಳೆಯ ಟೊಯೊಟಾ ಕ್ಯಾಮ್ರಿಗಳಲ್ಲಿಯೂ ಇದರ ತತ್ತ್ವ ಒಂದೇ.

ಇಂಥ ಗೇರ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಮೂರನೆಯ ಗೇರಿನ ಅನುಪಾತ 1 ಇರುತ್ತದೆ. ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದಲೂ ಒಂದೇ ಸುತ್ತು ಹೊರಬರುತ್ತದೆ. ನಾಲ್ಕನೆಯದರ ಅನುಪಾತ ಸುಮಾರು 0.7. ಆದ್ದರಿಂದ ಮೂರನೆಯ ಗೇರಿನಲ್ಲಿ 3,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಬೇಕಾಗುವ ವೇಗಕ್ಕೆ ನಾಲ್ಕನೆಯದರಲ್ಲಿ 2,100 ಸಾಕಾಗುತ್ತದೆ. ಇದೇ ಓವರ್‌ಡ್ರೈವ್. ಪೆಟ್ರೋಲ್ ಉಳಿಯುತ್ತದೆ, ಸದ್ದು ಇಳಿಯುತ್ತದೆ, ಎಂಜಿನ್ನಿನ ಸವೆತವೂ ಕಡಿಮೆಯಾಗುತ್ತದೆ. ಆದರೆ ಚಕ್ರಗಳಿಗೆ ತಲಪುವ ಎಳೆತದ ಬಲವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಗೊಂದಲ ಹುಟ್ಟುವುದು ಡ್ಯಾಶ್‌ಬೋರ್ಡಿನ ದೀಪದಿಂದ. 'ಓ/ಡಿ ಆಫ್' ದೀಪ ಬೆಳಗುತ್ತಿದ್ದರೆ ಓವರ್‌ಡ್ರೈವ್ ಬಂದ್ ಆಗಿದೆಯೆಂದೂ, ದೀಪ ಇಲ್ಲದಿದ್ದರೆ ಅದು ಚಾಲ್ತಿಯಲ್ಲಿದೆಯೆಂದೂ ತಿಳಿಯಬೇಕು. ನಿತ್ಯದ ಓಡಾಟದಲ್ಲಿ ಆ ದೀಪ ಆರಿಯೇ ಇರಬೇಕು. ಬೆಂಗಳೂರಿನ ದಟ್ಟಣೆಯಲ್ಲಿ 'ಪಿಕಪ್' ಚೆನ್ನಾಗಿರುತ್ತದೆಂದು ಓವರ್‌ಡ್ರೈವನ್ನು ಸದಾ ಬಂದ್ ಇಡುವವರಿದ್ದಾರೆ. ತೆವಳುವ ವೇಗದಲ್ಲಿ ಗೇರ್‌ಬಾಕ್ಸ್ ನಾಲ್ಕನೆಯ ಗೇರಿನ ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ಅದರಿಂದ ಲಾಭವೇನೂ ಇಲ್ಲ. ಮರೆತು ಹಾಗೆಯೇ ಹೆದ್ದಾರಿಗೆ ಇಳಿದರೆ ಪೆಟ್ರೋಲ್ ಮಾತ್ರ ವ್ಯರ್ಥವಾಗುತ್ತದೆ.

ಗುಂಡಿಯ ನಿಜವಾದ ಉಪಯೋಗ ತಿಳಿಯುವುದು ಉದ್ದನೆಯ ಏರಿನಲ್ಲಿ. ಕುಟುಂಬವನ್ನೂ ಸಾಮಾನನ್ನೂ ತುಂಬಿಕೊಂಡು ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿಯನ್ನು ಏರುವಾಗ, ರಸ್ತೆ ತುಸು ಸಮತಟ್ಟಾದೊಡನೆ ಗೇರ್‌ಬಾಕ್ಸ್ ನಾಲ್ಕಕ್ಕೆ ಹೋಗುತ್ತದೆ, ಮತ್ತೆ ಏರು ಬಂದಾಗ ಬಲ ಸಾಲದೆ ಮೂರಕ್ಕೆ ಮರಳುತ್ತದೆ, ಮರುಕ್ಷಣವೇ ಪುನಃ ನಾಲ್ಕನ್ನು ಹುಡುಕುತ್ತದೆ. ಈ ಓಲಾಟ ಪ್ರಯಾಣಿಕರಿಗೆ ಕಿರಿಕಿರಿಯಾಗುವುದಲ್ಲದೆ, ಪ್ರತಿ ಬದಲಾವಣೆಯಲ್ಲಿಯೂ ಒಳಗಿನ ಕ್ಲಚ್‌ಗಳು ಉಜ್ಜಿಕೊಂಡು, ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಜಾರಿ, ಗೇರ್ ಆಯಿಲ್ ಕಾಯುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯುಷ್ಯವನ್ನು ತಿನ್ನುವುದು ಮುಖ್ಯವಾಗಿ ಈ ಶಾಖವೇ. ಓಲಾಟ ಎರಡು ಮೂರು ಬಾರಿ ಕಂಡುಬಂದರೆ ಗುಂಡಿಯನ್ನೊತ್ತಿ ಮೂರನೆಯ ಗೇರಿನಲ್ಲಿಯೇ ಏರಿ, ಮೇಲೆ ತಲಪಿದ ಮೇಲೆ ಮತ್ತೊಮ್ಮೆ ಒತ್ತಿ ದೀಪವನ್ನು ಆರಿಸಿಕೊಳ್ಳಬೇಕು. ಟ್ರೇಲರ್ ಎಳೆಯುವವರಿಗೂ ಇದೇ ಕ್ರಮ.

ಇಳಿಜಾರಿನಲ್ಲಿ ಓವರ್‌ಡ್ರೈವ್ ಬಂದ್ ಮಾಡಿದರೆ ಎಂಜಿನ್ ಬ್ರೇಕಿಂಗ್ (ಎಂಜಿನ್ನೇ ಕಾರಿನ ವೇಗವನ್ನು ತಡೆಹಿಡಿಯುವುದು) ಹೆಚ್ಚಿ, ಬ್ರೇಕುಗಳು ಅತಿಯಾಗಿ ಕಾಯುವುದು ತಪ್ಪುತ್ತದೆ. ಆದರೆ ಇದು ಮೊದಲ ಮೆಟ್ಟಿಲು ಮಾತ್ರ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಂಥ ಕಡಿದಾದ ಇಳಿಜಾರಿನಲ್ಲಿ ಮೂರನೆಯ ಗೇರಿನ ಹಿಡಿತ ಸಾಲುವುದಿಲ್ಲ. ಅಲ್ಲಿ ವೇಗವನ್ನು ಮೊದಲು ಬ್ರೇಕಿನಿಂದ ತಗ್ಗಿಸಿ, ಲಿವರನ್ನು '2'ಕ್ಕೆ, ಅಗತ್ಯಬಿದ್ದರೆ ಎಲ್ಲಕ್ಕಿಂತ ಕೆಳಗಿನ ಗೇರಾದ 'ಎಲ್'ಗೆ ತರಬೇಕು. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಅಪಾಯಕಾರಿ.

ಗುಂಡಿಯನ್ನೊತ್ತಲು ಕಾರು ನಿಲ್ಲಿಸಬೇಕಾಗಿಲ್ಲ. ಆದರೆ ಒತ್ತಿದೊಡನೆ ಆರ್‌ಪಿಎಂ ಸುಮಾರು ಒಂದೂವರೆ ಪಟ್ಟಿನ ಹತ್ತಿರಕ್ಕೆ ಜಿಗಿಯುವುದರಿಂದ ಅತಿವೇಗದಲ್ಲಿಯೂ, ಮಳೆಗೆ ಜಾರುವ ರಸ್ತೆಯ ತಿರುವಿನಲ್ಲಿಯೂ ಒತ್ತಬಾರದು. ಓವರ್‌ಟೇಕ್ ಮಾಡಲು ಆಕ್ಸಿಲರೇಟರನ್ನು ಬಲವಾಗಿ ತುಳಿದರೆ ಗೇರ್‌ಬಾಕ್ಸ್ ತಾನಾಗಿಯೇ ಕೆಳಗಿನ ಗೇರಿಗೆ ಇಳಿಯುತ್ತದೆ. ಒತ್ತಿದರೆ ಒಳಗೇ ನಿಲ್ಲುವ ಹಳೆಯ ಬಗೆಯ ಗುಂಡಿಯಿದ್ದರೆ, ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗಲೂ ಅದು ಹಿಂದಿನ ಸ್ಥಿತಿಯಲ್ಲಿಯೇ ಇರುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಆರು ಗೇರಿನ ಆಟೊಮ್ಯಾಟಿಕ್‌ಗಳಲ್ಲಿ ಈ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ. ಮ್ಯಾನುಯಲ್ ಮೋಡ್ ಅಥವಾ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ಗಳಿಂದ ಅದೇ ಕೆಲಸ ಮಾಡಿಸಬಹುದು. ಇನ್ನು ಚಳಿಯ ಬೆಳಗಿನಲ್ಲಿ ಎಂಜಿನ್ ಕಾಯುವವರೆಗೆ ಹಲವು ಕಾರುಗಳು ಓವರ್‌ಡ್ರೈವಿಗೆ ಹೋಗುವುದಿಲ್ಲ, ಅದು ದೋಷವಲ್ಲ. ಆದರೆ ಗುಂಡಿಯನ್ನು ಮುಟ್ಟದಿದ್ದರೂ 'ಓ/ಡಿ ಆಫ್' ದೀಪ ಮಿನುಗತೊಡಗಿದರೆ, ಅನೇಕ ಮಾದರಿಗಳಲ್ಲಿ ಅದು ಗೇರ್‌ಬಾಕ್ಸಿನ ದೋಷದ ಸೂಚನೆ. ದೂರದ ಪ್ರಯಾಣವನ್ನು ಮುಂದೂಡಿ, ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ತೋರಿಸಿ, ಗೇರ್ ಆಯಿಲಿನ ಮಟ್ಟವನ್ನೂ ಬಣ್ಣವನ್ನೂ ಪರೀಕ್ಷಿಸಿಕೊಳ್ಳಬೇಕು.