ಮನೆಯಲ್ಲೇ ಕಾರಿನ ತಗಡು ವೆಲ್ಡಿಂಗ್: ಮೆಷಿನ್ ಕೊಳ್ಳುವಾಗ ಕೆಳಗಿನ ಆಂಪ್ ನೋಡಿ

ಝೆನ್ ಕಾರಿನ ಎರಡೂ ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ) ಮನೆಯ ಪಾರ್ಕಿಂಗ್‌ನಲ್ಲೇ ಕತ್ತರಿಸಿ ಹೊಸ ತಗಡು ಕೂರಿಸಿದೆ. ಒಂದು ಮಳೆಗಾಲ ಕಳೆಯಿತು. ಜಾಯಿಂಟ್ ಬಿಟ್ಟಿಲ್ಲ, ಪುಟ್ಟಿ ಎದ್ದಿಲ್ಲ. ಶಿವಾಜಿನಗರದ ಟಿಂಕರಿಂಗ್ ಮೇಸ್ತ್ರಿ ಒಬ್ಬರು "ಸಾರ್, ಇದು ಮನೇಲಿ ಆಗೋ ಕೆಲಸ ಅಲ್ಲ, ತಗಡು ಹಪ್ಪಳ ಆಗುತ್ತೆ" ಅಂದಿದ್ದರು. ನಮ್ಮ ಭಾವ ಅಂತೂ ಸುಮ್ನೆ ಗುಜರಿಗೆ ಹಾಕು ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಬಹಳ ವರ್ಷ ಮಂಗಳೂರಿನಲ್ಲಿ ಓಡಿದ್ದು. ಉಪ್ಪುಗಾಳಿ ಕುಡಿದ ಗಾಡಿ ಹೇಗಿರುತ್ತೆ ಗೊತ್ತಲ್ವಾ, ಮೇಲೆ ಪೇಂಟ್ ಮಿಂಚುತ್ತಿತ್ತು, ಸ್ಕ್ರೂಡ್ರೈವರ್ ಒತ್ತಿದರೆ ನೇರ ಒಳಗೆ. ಹೊರಗೆ ಕೇಳಿದಾಗ ಎರಡೂ ಕಡೆಗೆ ಹತ್ತಿರ ಹತ್ತಿರ 20 ಸಾವಿರ ಹೇಳಿದರು, ಅದೂ ಗ್ಯಾಸ್ ವೆಲ್ಡಿಂಗ್‌ನಲ್ಲಿ ಹಿತ್ತಾಳೆ ಹಾಕಿ. ಗ್ಯಾಸ್‌ನ ಬಿಸಿ ಅಗಲಕ್ಕೆ ಹರಡಿ ತಗಡು ಸೊಟ್ಟ ಆಗುತ್ತದೆ, ಆ ಸೊಟ್ಟ ಮುಚ್ಚಲು ಮೇಲೆ ಪುಟ್ಟಿ ಮೆತ್ತುತ್ತಾರೆ. ಬೇಡ ಅನ್ನಿಸಿತು.

ಮನೆಯಲ್ಲಿ ಗೇಟು, ಗ್ರಿಲ್‌ಗೆ ಅಂತ ತಂದ ರಾಡ್ ಮೆಷಿನ್ ಇತ್ತು. 2 ಎಂಎಂ ರಾಡ್ ಹಾಕಿ, ಆಂಪ್ ಪೂರ್ತಿ ಇಳಿಸಿ ನೋಡಿದೆ. ಬಾಡಿ ತಗಡು ಇರುವುದೇ 0.7, 0.8 ಎಂಎಂ. ಆಂಪ್ ಇಳಿಸಿದರೆ ರಾಡ್ ಅಂಟಿಕೊಳ್ಳುತ್ತದೆ, ಏರಿಸಿದರೆ ತೂತು. ನಡುವೆ ಜಾಗವೇ ಇಲ್ಲ. ಆಮೇಲೆ ಎಸ್‌ಪಿ ರೋಡಿನಿಂದ ಗ್ಯಾಸ್ ಬೇಡದ ಮಿಗ್ (ರಾಡ್ ಬದಲು ಸುರುಳಿಯಿಂದ ವೈರ್ ತಾನೇ ಓಡಿ ಬರುವ ಮೆಷಿನ್) ಒಂದು ತಂದೆ, 10 ಸಾವಿರದ ಆಸುಪಾಸು. ಅದರ ಫ್ಲಕ್ಸ್ ವೈರ್ (ಗ್ಯಾಸ್ ಬದಲು ಒಳಗೆ ಪುಡಿ ತುಂಬಿದ ವೈರ್) ಓಡಿಸುವಾಗ ಟಾರ್ಚ್, ಅಂದರೆ ಕೈಯಲ್ಲಿ ಹಿಡಿಯುವ ಗನ್, ನೆಗೆಟಿವ್‌ಗೆ ಇರಬೇಕು, ಅದಕ್ಕೆ ಪೊಲಾರಿಟಿ ಬದಲಿಸುವ ಜಾಗ ಇದೆಯಾ ಅಂತ ಮೊದಲೇ ನೋಡಿಕೊಂಡಿದ್ದೆ. ಆದರೂ ತೆಳು ತಗಡಿಗೆ ಅದು ಜಾಸ್ತಿ ಬಿಸಿ. ಕಿಡಿ ಹಾರಿ ಹಾರಿ ಸುತ್ತಲೂ ಗುಳ್ಳೆ, ಮೇಲೆ ಸ್ಲ್ಯಾಗ್ ಅನ್ನೋ ಕಿಟ್ಟ ಬೇರೆ. 3 ಎಂಎಂ ಆಂಗಲ್‌ಗೆ ಒಳ್ಳೆಯ ಮೆಷಿನ್, ಕಾರಿಗಲ್ಲ. ಅರ್ಧ ರೇಟಿಗೆ ಮಾರಿ, ಗ್ಯಾಸ್ ಹಾಕುವ ಮಿಗ್ ಹುಡುಕಲು ಹೊರಟೆ.

ಅಂಗಡಿಯವರು ಎಲ್ಲರೂ ಮೇಲಿನ ನಂಬರೇ ಹೇಳುತ್ತಾರೆ, 200 ಆಂಪ್, 250 ಆಂಪ್. ನಮಗೆ ಬೇಕಾದದ್ದು ಕೆಳಗಿನದು. 30, 40 ಆಂಪ್‌ನಲ್ಲಿ ಆರ್ಕ್ ಆರದೆ ನಿಲ್ಲುತ್ತಾ? ವೋಲ್ಟು, ವೈರ್ ಸ್ಪೀಡ್ ಬೇರೆ ಬೇರೆ ತಿರುಗಿಸಬಹುದಾ? 0.6 ವೈರಿನ ರೋಲರ್, ಟಿಪ್ ಅದಕ್ಕೆ ಸಿಗುತ್ತಾ? ಈ ಮೂರಕ್ಕೂ ಹೂಂ ಅಂದರೆ ಮಾತ್ರ ದುಡ್ಡು ತೆಗೆಯಿರಿ. ಸಾಧ್ಯವಾದರೆ ಒಂದು ತುಂಡು ತಗಡು ಜೇಬಲ್ಲಿ ಹಾಕಿಕೊಂಡು ಹೋಗಿ ಅಲ್ಲೇ ಹೊಡೆದು ನೋಡಿ. ನಾನು ಹಾಗೇ ಮಾಡಿದೆ, ಮೂರನೇ ಅಂಗಡಿಯವನು ಮುಖ ಸಿಂಡರಿಸಿದರೂ ಪ್ಲಗ್ ಹಾಕಿ ಕೊಟ್ಟ.

ಕರೆಂಟಿನ ಭಯ ಎಲ್ಲರಿಗೂ ಇರುತ್ತದೆ. ತಗಡಿಗೆ ಬೇಕಾದ ಆಂಪ್‌ನಲ್ಲಿ ಮೆಷಿನ್ ಗೀಸರ್‌ಗಿಂತ ಜಾಸ್ತಿ ಎಳೆಯುವುದಿಲ್ಲ. ಆ 30, 40 ವೆಲ್ಡಿಂಗ್ ಕಡೆಯ ಆಂಪ್, ಗೋಡೆಯಿಂದ ಎಳೆಯುವುದು ಅದಕ್ಕಿಂತ ಬಹಳ ಕಡಿಮೆ. 16 ಆಂಪ್ ಪಾಯಿಂಟ್ ಸಾಕು. ಎಕ್ಸ್‌ಟೆನ್ಷನ್ ಮಾತ್ರ 2.5 ಎಸ್‌ಕ್ಯೂ ಎಂಎಂ ವೈರಿನದ್ದು ಇರಲಿ, ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಆರ್ಕ್ ಕೆಮ್ಮುತ್ತದೆ.

ಮಿಗ್‌ನಲ್ಲಿ ಗ್ಯಾಸ್ ಇರುವುದು ಉರಿಸಲು ಅಲ್ಲ, ವೆಲ್ಡ್‌ಗೆ ಗಾಳಿ ತಾಗದಂತೆ ತಡೆಯಲು. ಅದರ ವಿಷಯದಲ್ಲಿ ಸ್ವಲ್ಪ ಆಟ ಆಡಿದೆ. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆರ್ಗಾನ್ ಮಿಕ್ಸ್‌ಗೆ ಹೋಲಿಸಿದರೆ ರೇಟು ಏನೂ ಅಲ್ಲ. ಕಡಿಮೆ ಆಂಪ್‌ನಲ್ಲಿ ಅದರ ಆರ್ಕ್ ಒರಟು, ಕಿಡಿ ಜಾಸ್ತಿ. ಸಿಲಿಂಡರ್ ಬದಲಿಸಿ 80-20 ಮಿಕ್ಸ್ (80 ಪಾಲು ಆರ್ಗಾನ್, 20 ಪಾಲು ಕಾರ್ಬನ್ ಡೈಆಕ್ಸೈಡ್) ಹಾಕಿದ ದಿನ ಅದೇ ಮೆಷಿನ್, ಅದೇ ಕೈ, ಆದರೆ ಸದ್ದೇ ಬೇರೆ ಆಯಿತು. ಇನ್ನೊಂದು, ಆಷಾಢದ ಗಾಳಿಯಲ್ಲಿ ಹೊರಗೆ ಕೂತು ಮಿಗ್ ಮಾಡಲು ಹೋಗಬೇಡಿ. ಗ್ಯಾಸ್ ಹಾರಿಹೋಗಿ ವೆಲ್ಡ್ ತುಂಬ ತೂತು. ಫ್ಲೋ ಏರಿಸಿದರೆ ಸಿಲಿಂಡರ್ ಬೇಗ ಖಾಲಿ, ಅಷ್ಟೇ. ನಾನು ಟಾರ್ಪಾಲು ಕಟ್ಟಿ ನಿಮಿಷಕ್ಕೆ 8, 10 ಲೀಟರಲ್ಲೇ ಮುಗಿಸಿದೆ.

ಕೆಲಸದ ರೀತಿ ಇಷ್ಟು: ಬ್ಯಾಟರಿ ಬಿಚ್ಚಿ, ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಿ, ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಾ ಜಾಗ ಬದಲಿಸಿ. ಗೆರೆ ಎಳೆಯಬೇಡಿ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೇ ಪಕ್ಕದ ಚುಕ್ಕಿ. ಹಳೆಯ ಎಸಿಯ ತಾಮ್ರದ ಪೈಪ್ ಬಡಿದು ಚಪ್ಪಟೆ ಮಾಡಿ ಹಿಂದೆ ಹಿಡಿದರೆ ತೂತು ಬಿದ್ದ ಕಡೆಯೂ ತುಂಬಬಹುದು, ತಾಮ್ರಕ್ಕೆ ಉಕ್ಕು ಅಂಟುವುದಿಲ್ಲ. ಎರಡು ಪದರ ಸೇರುವ ಕಡೆ ಮೇಲಿನ ಪದರಕ್ಕೆ ಮಾತ್ರ 6 ಎಂಎಂ ತೂತು ಕೊರೆದು, ಆ ತೂತು ತುಂಬುವ ಹಾಗೆ ಪ್ಲಗ್ ವೆಲ್ಡ್. ಟ್ರಿಗರ್ ಎಷ್ಟು ಹೊತ್ತು ಒತ್ತಬೇಕು, ವೈರ್ ತುದಿ ಹೇಗೆ ಕತ್ತರಿಸಬೇಕು ಅನ್ನುವುದರಲ್ಲಿ ನನ್ನದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ. ನಾಲ್ಕು ತಗಡು ಸುಟ್ಟರೆ ನಿಮಗೂ ಸಿಗುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಮೆಷಿನ್ 19 ಸಾವಿರ, 10 ಲೀಟರ್ ಸಿಲಿಂಡರ್ ಗ್ಯಾಸ್ ಸೇರಿ 9 ಸಾವಿರದ ಹತ್ತಿರ, ರೆಗ್ಯುಲೇಟರ್, ಹೆಲ್ಮೆಟ್, ವೈರ್, ಫ್ಲಾಪ್ ಡಿಸ್ಕ್ ಎಲ್ಲ ಸೇರಿ 5, 6 ಸಾವಿರ. ಹೊರಗೆ ಕೇಳಿದ್ದಕ್ಕಿಂತ ಜಾಸ್ತಿ ಆಯಿತಲ್ಲ ಅಂತ ಭಾವ ನಕ್ಕರು. ಈಗ ಅವರ ಓಮ್ನಿಯ ಸ್ಲೈಡಿಂಗ್ ಡೋರ್ ನನ್ನ ಪಾರ್ಕಿಂಗ್‌ನಲ್ಲಿ ಬಿದ್ದಿದೆ, ಕೆಳಗಿನ ಅಂಚು ಪೂರ್ತಿ ತುಕ್ಕು. ಅದರಲ್ಲಿ ನೀರು ಇಳಿಯುವ ತೂತುಗಳನ್ನು ಯಾರೋ ಪುಟ್ಟಿ ಹಾಕಿ ಮುಚ್ಚಿದ್ದಾರೆ, ಮೊದಲು ಅವನ್ನು ತೆರೆಯಬೇಕು.