ಅಪ್ಪನ ಮಾತ್ರೆ ಖರ್ಚು ಇಳಿಸಿದ ಪಾರ್ಟ್ ಡಿ ಲೆಕ್ಕ: ನನ್ನ ಅನುಭವ

ಜಾಸ್ತಿ ಮಾತ್ರೆ ತೆಗೆದುಕೊಳ್ಳುವವರಿಗೆ ಜಾಸ್ತಿ ಪ್ರೀಮಿಯಂ ಪ್ಲಾನೇ ಬೇಕು ಅಂತ ನ್ಯೂಜೆರ್ಸಿಯ ನಮ್ಮ ಬಳಗದಲ್ಲಿ ಎಲ್ಲರೂ ಹೇಳುತ್ತಿದ್ದರು. ಅಪ್ಪನಿಗೆ ತಿಂಗಳಿಗೆ ಹತ್ತು ಡಾಲರ್ ಕೂಡ ಆಗದ ಪಾರ್ಟ್ ಡಿ (ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಮಾತ್ರೆಗಳ ಖರ್ಚು ನೋಡಿಕೊಳ್ಳುವ ಭಾಗ) ಪ್ಲಾನ್ ಮಾಡಿಸಿದಾಗ ಭಾವ ಒಪ್ಪಲೇ ಇಲ್ಲ. 2025ರ ಲೆಕ್ಕ ಈಗ ಪೂರ್ತಿ ಮುಗಿದಿದೆ. ಪ್ರೀಮಿಯಂ, ಮಾತ್ರೆ ಎಲ್ಲ ಸೇರಿ ಹೆಚ್ಚುಕಮ್ಮಿ 1,300 ಡಾಲರ್. ಅದರ ಹಿಂದಿನ ವರ್ಷ ನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಹಳೆಯ ಪ್ಲಾನನ್ನೇ ಮುಂದುವರಿಸಿದ್ದರೂ ಮಾತ್ರೆಗಳ ಮೇಲಿನ ವರ್ಷದ ಜೇಬಿನ ಖರ್ಚಿಗೆ 2,000 ಡಾಲರ್ ಮಿತಿ ಬಂದಿದ್ದರಿಂದ ಒಟ್ಟು 2,300ರ ಸುಮಾರಿಗೆ ಇಳಿಯುತ್ತಿತ್ತು (2,000 ಪೂರ್ತಿ ಯಾಕೆ ಕೊಡಬೇಕಾಗುತ್ತಿರಲಿಲ್ಲ ಅಂತ ಮುಂದೆ ಹೇಳುತ್ತೇನೆ). ಅದು ಕಾನೂನಿನಿಂದ ಎಲ್ಲರಿಗೂ ಸಿಕ್ಕ ಲಾಭ. ಅದರಾಚೆ ಉಳಿದ ಸಾವಿರ ಮಾತ್ರ ನನ್ನ ಲೆಕ್ಕದ್ದು.

ಅಪ್ಪ ಅಮ್ಮ ಗ್ರೀನ್ ಕಾರ್ಡ್‌ನಲ್ಲಿ ಬಂದವರು. ಐದು ವರ್ಷ ಆದಮೇಲೆ ಮೆಡಿಕೇರ್ ಸಿಕ್ಕಿತು. ಇಲ್ಲಿ ತೆರಿಗೆ ಕಟ್ಟಿ ಕೆಲಸ ಮಾಡಿದ ಕ್ರೆಡಿಟ್ ಇಲ್ಲದವರಿಗೆ ಪಾರ್ಟ್ ಎ (ಆಸ್ಪತ್ರೆ ಖರ್ಚಿನ ಭಾಗ) ತಿಂಗಳಿಗೆ ಐನೂರು ಡಾಲರ್ ದಾಟುತ್ತದೆ, ಹಾಗಾಗಿ ಬಿ (ಡಾಕ್ಟರ್ ಖರ್ಚಿನ ಭಾಗ) ಮತ್ತು ಡಿ ಮಾತ್ರ ತೆಗೆದುಕೊಂಡೆವು. ಮೊದಲ ವರ್ಷ ಒಬ್ಬ ಏಜೆಂಟ್ ಹೇಳಿದ ಪ್ಲಾನ್. ಪ್ರೀಮಿಯಂ ತೊಂಬತ್ತರ ಆಸುಪಾಸು. ಅವರು ಅಪ್ಪನ ಮಾತ್ರೆಗಳ ಹೆಸರನ್ನೇ ಕೇಳಲಿಲ್ಲ.

ನಮ್ಮ ಊರಿಂದ ಬಂದವರಿಗೆ ನಿಜವಾದ ಕಷ್ಟ ಇರೋದು ಈ ಹೆಸರುಗಳಲ್ಲೇ. ಅಪ್ಪನ ಸಕ್ಕರೆ ಕಾಯಿಲೆಗೆ ಬೆಂಗಳೂರಿನಲ್ಲಿ ವಿಲ್ಡಾಗ್ಲಿಪ್ಟಿನ್ ಕೊಟ್ಟಿದ್ದರು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೇ ಇಲ್ಲ. ಇಲ್ಲಿನ ಡಾಕ್ಟರ್ ಜನುವಿಯಾ ಬರೆದರು, ಖರ್ಚು ಅಲ್ಲಿಂದಲೇ ಏರಿತು. ಪ್ಯಾನ್-ಡಿಯಲ್ಲಿರುವ ಡೊಂಪೆರಿಡೋನ್ ಕೂಡ ಇಲ್ಲಿಲ್ಲ. ಇಕೋಸ್ಪ್ರಿನ್ ಎವಿ ಥರದ ಜೋಡಿ ಮಾತ್ರೆ ಸಿಗೋದಿಲ್ಲ. ಅಟೋರ್ವಾಸ್ಟಾಟಿನ್ ಬೇರೆ ಬರೆಸಬೇಕು, ಆಸ್ಪಿರಿನ್ ಅಂಗಡಿಯಲ್ಲಿ ಹಾಗೇ ಕೊಳ್ಳಬೇಕು. ನಾನು ಪ್ರತಿ ಮಾತ್ರೆ ಸ್ಟ್ರಿಪ್‌ನ ಹಿಂದೆ ಬರೆದಿರುವ ಔಷಧಿಯ ಮೂಲ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಅಂತ ಬರೆದುಕೊಂಡು ಡಾಕ್ಟರ್ ಹತ್ತಿರ ಕೂತು ಒಂದೊಂದನ್ನೂ ಇಲ್ಲಿನದಕ್ಕೆ ಬದಲಿಸಿಕೊಂಡೆ. ಆ ಹಾಳೆ ಇಲ್ಲದೆ ಪ್ಲಾನ್ ಫೈಂಡರ್ (ಪ್ಲಾನ್‌ಗಳನ್ನು ಹೋಲಿಸುವ ಮೆಡಿಕೇರ್ ವೆಬ್‌ಪುಟ) ತೆರೆಯೋದು ಸುಮ್ನೆ.

ಇದರ ಜೊತೆ ಒಂದು ಪ್ರಯೋಗವನ್ನೂ ಮಾಡಿದೆ. ಬಿಪಿಯ ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಸೇರಿದ ಒಂದೇ ಮಾತ್ರೆಯನ್ನು ಪ್ಲಾನ್ ಫೈಂಡರ್‌ನಲ್ಲಿ ಹಾಕಿದರೆ ಮೇಲಿನ ಟಿಯರ್‌ಗೆ, ಅಂದರೆ ದುಬಾರಿ ದರದ ಹಂತಕ್ಕೆ, ಹೋಗುತ್ತಿತ್ತು. ಎರಡನ್ನೂ ಬೇರೆ ಬೇರೆ ಹಾಕಿದರೆ ಕೆಳಗಿನ ಟಿಯರ್, ಹತ್ತಿರಹತ್ತಿರ ಸೊನ್ನೆ. ಡಾಕ್ಟರ್ ಒಪ್ಪಿ ಹಾಗೇ ಬರೆದರು.

ಅಪ್ಪನಿಗೆ ದುಬಾರಿಯಾದದ್ದು ಎರಡೇ: ಜನುವಿಯಾ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಲಿಕ್ವಿಸ್. 2025ರ ಬೆಲೆಯಲ್ಲಿ ಇವೆರಡೂ ಇದ್ದರೆ ಯಾವ ಪ್ಲಾನ್ ಹಿಡಿದರೂ ಅರ್ಧ ವರ್ಷದ ಹೊತ್ತಿಗೆ ಮಿತಿ ತಲುಪುತ್ತಿದ್ದೆವು. ಆಮೇಲೆ ಕೌಂಟರ್‌ನಲ್ಲಿ ಸೊನ್ನೆ. ಆದರೆ ಪ್ರೀಮಿಯಂ ಆ ಮಿತಿಗೆ ಸೇರೋದಿಲ್ಲ, ಡಿಸೆಂಬರ್ ತನಕ ಹೋಗುತ್ತಲೇ ಇರುತ್ತದೆ. ದುಬಾರಿ ಪ್ಲಾನ್ ಸೋಲುವುದು ಅಲ್ಲೇ. ಇನ್ನೊಂದು ಸೂಕ್ಷ್ಮ ಇದೆ. ಕೆಲವು ಪ್ಲಾನ್‌ಗಳಲ್ಲಿ ಒಂದು ಮಾತ್ರೆಗೆ ತಿಂಗಳಿಗೆ ನಾವು 47 ಡಾಲರ್ ನಿಗದಿತ ಪಾಲು (ಕೋಪೇ) ಕೊಟ್ಟರೂ ಮಿತಿಯ ಲೆಕ್ಕಕ್ಕೆ ಅದಕ್ಕಿಂತ ಜಾಸ್ತಿ ಜಮೆಯಾಗುತ್ತದೆ. ಹಾಗಾಗಿ 2,000 ಪೂರ್ತಿ ಕೊಡುವ ಮುಂಚೆಯೇ ಅಪ್ಪ ಮಿತಿ ದಾಟಿದರು. ಪ್ಲಾನ್ ಫೈಂಡರ್‌ನ ತಿಂಗಳುವಾರು ವಿವರ ತೆರೆದರೆ ಇದು ಕಾಣುತ್ತದೆ, ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಫಾರ್ಮಸಿ ಬದಲಿಸಿ ನೋಡಿ. ಅದೇ ಪ್ಲಾನ್, ಅದೇ ಮಾತ್ರೆ, ರಸ್ತೆಯ ಆ ಕಡೆ ಮತ್ತು ಈ ಕಡೆಯ ಅಂಗಡಿಗೆ ವರ್ಷಕ್ಕೆ ಇನ್ನೂರು ಡಾಲರ್ ವ್ಯತ್ಯಾಸ ನಾನೇ ಕಂಡಿದ್ದೇನೆ.

ಅಂಚೆಯಲ್ಲಿ ಮೂರು ತಿಂಗಳದ್ದು ಒಟ್ಟಿಗೆ ತರಿಸುವ ಪ್ರಯೋಗ ನಮಗೆ ಕೈಕೊಟ್ಟಿತು. ಪೊಟ್ಟಣ ಬಂದ ಕೆಲವೇ ದಿನಕ್ಕೆ ಡಾಕ್ಟರ್ ಡೋಸ್ ಬದಲಿಸಿದರು, ನೂರಕ್ಕೂ ಜಾಸ್ತಿ ಡಾಲರ್ ದಂಡ. ಡಿಸ್ಕೌಂಟ್ ಕಾರ್ಡ್ ಕೂಡ ನೋಡಿದೆ. ಅಮ್ಮನ ಥೈರಾಯ್ಡ್ ಮಾತ್ರೆಗೆ ಪರವಾಗಿಲ್ಲ. ಅಪ್ಪನಿಗೆ ಬೇಡ, ಪ್ಲಾನ್ ಬಿಟ್ಟು ಹೊರಗೆ ಕೊಟ್ಟ ದುಡ್ಡು ಸಾಮಾನ್ಯವಾಗಿ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಜನವರಿಯಲ್ಲಿ ಡಿಡಕ್ಟಿಬಲ್ (ಪ್ಲಾನ್ ಕೊಡಲು ಶುರು ಮಾಡುವ ಮುಂಚೆ ನಾವೇ ಕೊಡಬೇಕಾದ ಮೊತ್ತ, 2025ರಲ್ಲಿ 590) ಒಂದೇ ಸಲ ಬೀಳುತ್ತದಲ್ವಾ, ಅದನ್ನು ತಿಂಗಳುಗಳಿಗೆ ಹಂಚುವ ಸೌಲಭ್ಯ 2025ರಿಂದ ಇದೆ. ಬಡ್ಡಿ ಇಲ್ಲ. ನಾವಾಗಿಯೇ ಪ್ಲಾನ್‌ನವರನ್ನು ಕೇಳಬೇಕು.

ಅಮ್ಮನಿಗೆ ಡಿ ಯಾಕೆ, ಊರಿಂದ ಮಾತ್ರೆ ತರಿಸಿದರಾಯಿತು ಅಂದವರೂ ಇದ್ದರು. ನಾನು ಕೇಳಲಿಲ್ಲ. ಬೇರೆ ಕವರೇಜ್ ಇಲ್ಲದೆ ಬಿಟ್ಟ ಪ್ರತಿ ತಿಂಗಳಿಗೂ ಮೂಲ ಪ್ರೀಮಿಯಂನ ಶೇ. 1 ದಂಡ, ಅದೂ ಡಿ ಇರುವ ತನಕ. ಒಂದು ವರ್ಷ ಬಿಟ್ಟರೆ 2026ರ ದರದಲ್ಲಿ ತಿಂಗಳಿಗೆ ನಾಲ್ಕೂವರೆ ಡಾಲರ್ ದಾಟುತ್ತದೆ. ಅದಕ್ಕಿಂತ ಅಗ್ಗದ ಪ್ಲಾನ್ ಹಾಕಿಸೋದೇ ಮೇಲು. ಸರ್ಪಸುತ್ತಿನ ಲಸಿಕೆಯೂ ಡಿಯಲ್ಲಿ ಉಚಿತ, ಇಬ್ಬರಿಗೂ ಹಾಕಿಸಿದೆ.

2026ಕ್ಕೆ ಲೆಕ್ಕ ಮತ್ತೆ ತಿರುಗಿತು. ಮೆಡಿಕೇರ್ ಚೌಕಾಸಿ ಮಾಡಿದ ಬೆಲೆ ಜನವರಿಯಿಂದ ಬಂತು. ತಿಂಗಳಿಗೆ ಜನುವಿಯಾ 113, ಎಲಿಕ್ವಿಸ್ 231. ಡಿಡಕ್ಟಿಬಲ್ 615, ಮಿತಿ 2,100. ಈಗ 47 ಡಾಲರ್ ಕೋಪೇ ಇರುವ ಪ್ಲಾನ್‌ಗಿಂತ ಜನುವಿಯಾಗೆ ಬೆಲೆಯ ಶೇ. 25 ತೆಗೆದುಕೊಳ್ಳುವ ಪ್ಲಾನೇ ಅಗ್ಗ, 28 ಡಾಲರ್ ಆಗುತ್ತದೆ. ಎಲಿಕ್ವಿಸ್‌ಗೆ 58, ಅಲ್ಲಿ ಸ್ವಲ್ಪ ಜಾಸ್ತಿ. ಎರಡೂ ಸೇರಿಸಿದರೆ 94ರ ಬದಲು 86. ಹೋದ ವರ್ಷ ಗೆದ್ದ ಪ್ಲಾನ್ ಈ ವರ್ಷ ಹಿಂದೆ ಬಿತ್ತು. ಡಿಸೆಂಬರ್ 7ರ ಗಡುವಿಗೆ ಮುಂಚೆ ಅಪ್ಪನದನ್ನು ಬದಲಿಸಿದೆ, ಅಮ್ಮನದನ್ನು ಹಾಗೇ ಬಿಟ್ಟೆ.